ಮೂಗುರಾಯರ ಕೊನೆಯ ಬೆರಕೆ

"ಸೋಪಿನ ವಾಸನೆ ಹೋಗಿಲ್ಲ," ಎಂದು ಆ ಹೆಂಗಸು ತೊಳೆದಿಟ್ಟಿದ್ದ ಗ್ಲಾಸನ್ನು ಮೂಗಿನಿಂದ ಕೆಳಗಿಳಿಸಿ ಮತ್ತೆ ನಲ್ಲಿಗೆ ಹಿಡಿದಳು.

ಗಂಡನನ್ನು ಮಣ್ಣು ಮಾಡಿ ಬಂದ ಮನೆಯಾಕೆ ಇನ್ನೂ ಕೂತಿರಲಿಲ್ಲ. ಅಷ್ಟರಲ್ಲೇ ತನ್ನ ಅಡುಗೆಮನೆಯಲ್ಲಿ, ತನ್ನ ಗ್ಲಾಸುಗಳಿಗೆ ಇವಳು ಕುಂದು ಹೇಳುತ್ತಿದ್ದಾಳೆ. ಹೊಟ್ಟೆಯ ಹಳೆಯ ಕಿಚ್ಚು ಭಗ್ಗೆಂದಿತು.

ಸತ್ತವರು ಕಾರ್ಖಾನೆಯೊಂದರಲ್ಲಿ ಬರ್ಬನ್ ಎಂಬ ವಿಸ್ಕಿಯ ರುಚಿ ನೋಡಿ, ಯಾವ ಪೀಪಾಯಿಯದನ್ನು ಯಾವುದಕ್ಕೆ ಬೆರೆಸಬೇಕೆಂದು ತೀರ್ಮಾನಿಸುತ್ತಿದ್ದವರು. ಅಲ್ಲಿ ಎಲ್ಲರಿಗೂ ಅವರು ಮೂಗುರಾಯರು. ಈ ಹೆಂಗಸು ಅದೇ ಕೋಣೆಯಲ್ಲಿ ಅವರ ಎದುರು ಕುರ್ಚಿಯಲ್ಲಿ ಕೂತು ಆಯಸ್ಸು ಸವೆಸಿದವಳು. ಮನೆಯಾಕೆ ಮನಸ್ಸಿನಲ್ಲೇ ಅವಳಿಗಿಟ್ಟ ಹೆಸರು ಮೂಗಿನವಳು. ಇಬ್ಬರ ನಡುವೆ ಅಂಥದ್ದೇನೂ ಇರಲಿಲ್ಲವೆಂದು ಗೊತ್ತಿತ್ತು. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಊಟಕ್ಕೆ ಕೂತ ಗಂಡ, "ಇವತ್ತಿನ ಪೀಪಾಯೀಲಿ ನನಗೆ ಒಣದ್ರಾಕ್ಷಿ ವಾಸನೆ ಸಿಕ್ತು, ಆಕೆಗೆ ಹೊಗೆ ಸಿಕ್ತು ನೋಡು!" ಎಂದು ಕಣ್ಣರಳಿಸಿದಾಗಲೆಲ್ಲ ಮನೆಯಾಕೆ ಸೌಟನ್ನು ಪಾತ್ರೆಗೆ ಕುಕ್ಕುತ್ತಿದ್ದಳು.

"ಅವರೂ ಹೀಗೇ ಮೂಸ್ತಿದ್ರು," ಎಂದಳು ಮನೆಯಾಕೆ. "ಮೂಗು ಕೆಡುತ್ತೆ ಅಂತ ಈ ಮನೇಲಿ ಪರಿಮಳದ ಸೋಪಿಲ್ಲ, ಪೌಡರಿಲ್ಲ. ಕೊನೆಕೊನೆಗೆ ಮಾತ್ರ ನನ್ನ ಮೇಲೆ ಅಕ್ಕರೆ ಉಕ್ಕಿ, ತಾವೇ ಸೆಂಟು ತಂದ್ಕೊಟ್ರು."

ಹೇಳಿದ್ದೇ ಚುಚ್ಚಲಿಕ್ಕೆ.

*

ಮೂಗುರಾಯರು ದೊಡ್ಡ ಜ್ವರದಿಂದ ಎದ್ದು ಮತ್ತೆ ಕೆಲಸಕ್ಕೆ ಹೋಗತೊಡಗಿದ್ದ ದಿನಗಳವು. ಒಂದು ಸಂಜೆ ಬಾಗಿಲಲ್ಲೇ ನಿಂತು ಜೇಬಿನಿಂದ ಸಣ್ಣ ಶೀಶೆ ತೆಗೆದಿದ್ದರು.

"ಹಚ್ಕೋ."

"ಮತ್ತೆ ನಿಮ್ಮ ಮೂಗು?"

"ಮೂಗಿಗಿಂತ ನೀನು ಹೆಚ್ಚಲ್ವೇನೇ?"

ಅವಳು ಹೊಸ ಮದುಮಗಳಂತೆ ನಾಚಿ ಕುತ್ತಿಗೆಗೆ ಹಚ್ಚಿಕೊಂಡಳು. ಅವರು ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, "ಆಹಾ!" ಎಂದರು. ಆ ಒಂದು ಆಹಾಕಾರದಲ್ಲಿ ಅವಳು ಕಾರ್ಖಾನೆಯನ್ನೇ ಗೆದ್ದಿದ್ದಳು. ಮರುದಿನ ಬೇಕೆಂದೇ ಅದನ್ನು ಧಾರಾಳವಾಗಿ ಬಳಿದುಕೊಂಡು ಕಾರ್ಖಾನೆಯ ಗೇಟಿನವರೆಗೆ ಹೋಗಿ, ಮೂಗಿನವಳನ್ನು ಮಾತಾಡಿಸಿ ಬಂದಿದ್ದಳು.

*

ಮೂಗಿನವಳು ನಲ್ಲಿ ನಿಲ್ಲಿಸಿದಳು. "ಅಕ್ಕಾ, ಅವರು ನಿಮಗೆ ಹೇಳಿರಲಿಲ್ವಾ?"

"ಏನನ್ನ?"

"ಆ ಜ್ವರದಲ್ಲಿ ಅವರ ಮೂಗು ಹೋಗ್ಬಿಟ್ಟಿತ್ತು. ವಾಸನೆ ಇಲ್ಲ, ರುಚೀನೂ ಇಲ್ಲ. ಮನೇಲಿ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಮನೆಯಾಕೆ ಅವಳತ್ತ ತಿರುಗಿದಳು. "ಮತ್ತೆ ಕೆಲಸ?"

"ನಾನು ನೋಡಿ ಹೇಳ್ತಿದ್ದೆ. ಅದನ್ನೇ ಅವರು ಎಲ್ಲರ ಮುಂದೆ ಹೇಳ್ತಿದ್ರು. ಮೂಗುರಾಯರಿಗೇ ಮೂಗಿಲ್ಲ ಅಂದ್ರೆ ಜನ ಆಡ್ಕೊಳ್ಳಲ್ವಾ?"

"ಸೆಂಟು ಆರಿಸಿದ್ಯಾರು?"

ಮೂಗಿನವಳು ತಲೆ ತಗ್ಗಿಸಿ ಗ್ಲಾಸು ಒರೆಸತೊಡಗಿದಳು. ಸೆಂಟನ್ನು ಆರಿಸಿದ್ದೂ ಇವಳ ಮೂಗೇ. ಅಷ್ಟು ದಿನ ತಾನು ಬಡಿಸಿದ್ದಕ್ಕೆಲ್ಲ "ಚೆನ್ನಾಗಿದೆ" ಎಂದದ್ದು ಬರೀ ಉಪಚಾರ. ಅವರು ಮುಚ್ಚಿಟ್ಟ ಗುಟ್ಟು ಒಂದೇ. ಅದನ್ನೂ ಇವಳ ಮಡಿಲಿಗೆ ಹಾಕಿ ಹೋಗಿದ್ದರು.

ಇಬ್ಬರೂ ಗ್ಲಾಸುಗಳನ್ನು ತಂದ ಹಜಾರದ ತುಂಬಾ ಕಾರ್ಖಾನೆಯ ಜನ. ಮಾಲೀಕರು ಇನ್ನೂ ಮಾರಾಟಕ್ಕೆ ಬಾರದ ಬಾಟಲಿಯೊಂದನ್ನು ತೆರೆದರು. ಒಂದು ಹನಿಯೂ ನೀರು ಬೆರೆಸದೆ, ಪೀಪಾಯಿಯಲ್ಲಿದ್ದ ಗಡಸಿನಲ್ಲೇ ತುಂಬಿಸಿದ ಬರ್ಬನ್.

"ಇದು ಮೂಗುರಾಯರ ಕೊನೇ ಬೆರಕೆ. ಬಾಟಲಿ ಮೇಲೆ ಅವರ ಹೆಸರೇ ಹಾಕಿಸ್ತೀವಿ. ಮೊದಲು ನೀವು ರುಚಿ ನೋಡಿ ಹೇಳ್ಬೇಕಮ್ಮಾ."

"ಸಾಯೋ ಹೊತ್ತಲ್ಲೂ ಎಂಥಾ ಮೂಗಪ್ಪ ಅದು!" ಎಂದ ಪೀಪಾಯಿ ಕಟ್ಟುವ ಮುದುಕ.

ಮೊದಲ ಗುಟುಕಿಗೆ ಮನೆಯಾಕೆಯ ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಮೂಗಿನವಳು ಪಕ್ಕಕ್ಕೆ ಬಂದು ಗ್ಲಾಸಿಗೆ ಒಂದೆರಡು ಹನಿ ನೀರು ಬಿಟ್ಟು, "ಈಗ ನೋಡಿ ಅಕ್ಕಾ," ಎಂದಳು ಮೆಲ್ಲಗೆ. ಉರಿಯ ಹಿಂದಿನಿಂದ ಸುಟ್ಟ ಸಕ್ಕರೆ ಬಂತು, ಕಿತ್ತಳೆ ಸಿಪ್ಪೆ ಬಂತು, ಕೊನೆಗೆ ಹಳೆಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ. ಚೆನ್ನಾಗಿತ್ತು. ಹಾಳಾದ್ದು, ಬಹಳ ಚೆನ್ನಾಗಿತ್ತು. ರುಚಿ ನೋಡಿ ಹೇಳಿದ್ದು ಇವಳು, ಹೆಸರು ಅವರದು. ಇನ್ನು ಒಂದೊಂದು ಬಾಟಲಿಯೊಳಗೂ ಅವರಿಬ್ಬರೇ ಎದುರುಬದುರು ಕೂತಿರುತ್ತಾರೆ.

"ಇದು ಅವರದ್ದಲ್ಲ," ಎಂದಳು.

"ಅಕ್ಕಾ, ಬೇಡ."

"ಇದರಲ್ಲಿ ನಮ್ಮನೆಯವರದ್ದು ಏನೂ ಇಲ್ಲ. ಜ್ವರ ಬಂದ್ಮೇಲೆ ಅವರಿಗೆ ವಾಸನೇನೇ ತಿಳೀತಿರಲಿಲ್ಲ. ಇದು ಪೂರ್ತಿ ಇವಳೊಬ್ಬಳದ್ದು."

ಮುದುಕ ಇನ್ನೊಂದು ಗುಟುಕು ಬಾಯಲ್ಲಿಟ್ಟುಕೊಂಡು, ನುಂಗಿ, ಮೂಗಿನವಳ ಬಳಿಗೆ ಹೋದ. "ನಿನ್ನ ಕೆಲಸವೇನವ್ವಾ ಇದು?" ಎಂದು ಅವಳ ಕೈ ಹಿಡಿದುಕೊಂಡ. ಸ್ಮಶಾನದಲ್ಲೂ ಕಣ್ಣೀರು ಹಾಕದಿದ್ದವಳು ಬಿಕ್ಕಳಿಸತೊಡಗಿದಳು. ಮಾಲೀಕರು ಎದ್ದರು. ಒಬ್ಬೊಬ್ಬರಾಗಿ ಎಲ್ಲರೂ ಅತ್ತ ಸರಿದರು. ಮನೆಯಾಕೆಯ ಸುತ್ತ ಖಾಲಿ ಕುರ್ಚಿಗಳು ಉಳಿದವು.

ಆಗ ಬಿಳಿ ಹೂಗುಚ್ಛ ಹಿಡಿದು ಏದುಸಿರು ಬಿಡುತ್ತಾ ಬಂದವನು ಪೀಪಾಯಿಗೆ ಮರ ಕೊಡುವ ವ್ಯಾಪಾರಿ, ಹೊರ ಊರಿನವನು. ಮೂಗುರಾಯರನ್ನು ಬಿಟ್ಟರೆ ಅಲ್ಲಿ ಅವನಿಗೆ ಯಾರ ಪರಿಚಯವೂ ಇರಲಿಲ್ಲ. ಒಮ್ಮೆ ಸುತ್ತ ನೋಡಿದ. "ಸ್ವಲ್ಪ ದಾರಿ ಬಿಡಿ," ಎಂದು ಮನೆಯಾಕೆಯನ್ನು ದಾಟಿ, ಗುಂಪಿನ ನಡುವೆ ಅಳುತ್ತಿದ್ದವಳ ಕೈಗೆ ಹೂವಿತ್ತ.

"ನಿಮ್ಮ ಯಜಮಾನರಂಥವರು ಇನ್ನು ಸಿಗಲ್ಲ ಬಿಡಿ. ಧೈರ್ಯ ತಂದ್ಕೊಳ್ಳಿ."

ಮೂಗಿನವಳು ಹೂಗಳ ಮೇಲಿನಿಂದ ಮನೆಯಾಕೆಯನ್ನು ನೋಡಿದಳು. ಅವನನ್ನು ತಿದ್ದಲಿಲ್ಲ. ಹೂಗುಚ್ಛವನ್ನು ಎರಡೂ ಕೈಯಿಂದ ಎದೆಗವಚಿಕೊಂಡಳು.