ಮಣ್ಣಾಗುವ ತನಕ

ಬಲಗೈಯ ಬಳೆಗಳೆಲ್ಲ ಜಾರಿ ಬಂದವು. ಎಡಗೈಯ ಹಸಿರು ಬಳೆಯೊಂದು ಮಾತ್ರ ಗುಲನಾಜ ಎಷ್ಟು ಸಾಬೂನು ಹಚ್ಚಿದರೂ ಜಗ್ಗಲಿಲ್ಲ. ಎದೆಯ ಗಂಟಿನ ಆಪರೇಷನ್ ಆದಮೇಲೆ ಅವ್ವನ ಆ ಕೈ ಬಾತುಕೊಂಡಿತ್ತು. ಮೈಯತ್ತಿಗೆ ಕೊನೆಯ ಸ್ನಾನ ಮಾಡಿಸಲು ಬಂದ ಹೆಂಗಸರು ಒಡೆದುಬಿಡು, ಹೊತ್ತಾಯಿತು ಎಂದರು. ದೇವರ ಹಿಪ್ಪರಗಿಯ ಸಂತೆಯಲ್ಲಿ ಮೂವತ್ತು ವರ್ಷ ಕೂತು ಸುತ್ತಲಿನ ಹಳ್ಳಿಗಳಿಗೆಲ್ಲ ಬಳೆ ಇಡಿಸಿದವಳು ಅವ್ವ ದಾವಲಬಿ. ಅವಳ ಕೈಯ ಬಳೆ ಒಡೆಯುವುದೆಂದರೇನು! ಕೊನೆಗೆ ಗುಲನಾಜಳೇ ಬಟ್ಟೆ ಸುತ್ತಿ ಒಡೆದಳು. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಮಧ್ಯಾಹ್ನದ ನಮಾಜಿನ ನಂತರ ಗಂಡಸರು ಜನಾಜಾ ಹೊತ್ತು ಹೋದರು. ಹೆಂಗಸರು ಮನೆಯಲ್ಲೇ ಉಳಿದರು. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯ ಇಂದುಬಾಯಿ ರೊಟ್ಟಿ ತಂದು, ಬಾಗಿಲಲ್ಲೇ ಕೂತು ಕಣ್ಣೊರೆಸಿಕೊಂಡಳು.

"ನನ್ನ ಕೈ ಬಾಳ ಬಿರಸು. ಆದ್ರೂ ಒಂದ ಬಳಿ ಒಡದಿಲ್ಲ ಅಕಿ. ಎಲ್ಲಾರ ಸಂಕಟ ಕೇಳತಿದ್ಲು, ತನ್ನದು ಒಂದಿನ ಹೇಳಲಿಲ್ಲ."

ಗುಲನಾಜ ಬಾಲ ಸುಟ್ಟ ಬೆಕ್ಕಿನಂತೆ ಪಡಸಾಲೆಗೂ ಅಡುಗೆಮನೆಗೂ ಅಡ್ಡಾಡುತ್ತಿದ್ದಳು. ಮಣ್ಣಾದ ಕೂಡಲೇ ಫೋನು ಮಾಡಿರೆಂದು ಇಂದುಬಾಯಿಯ ಗಂಡ ಚನ್ನಬಸಯ್ಯನಿಗೆ ಹೇಳಿ ಕಳಿಸಿದ್ದಳು. ತಂಗಿ ನಿಷತ ಆಗಲೇ ಚೀಲ ಕಟ್ಟಿಟ್ಟಿದ್ದಳು. ಮೋರಟಗಿಯ ಅವಳ ಗಂಡನ ಮನೆಯಲ್ಲಿ ತೊಗರಿ ರಾಶಿ ನಡೆದಿತ್ತು. ಗಂಡ ತೌಸಿಫ ಮಣ್ಣು ಮುಗಿಸಿ ಬಂದಕೂಡಲೇ ಹೊರಡುವುದೆಂದು ಮಾತಾಗಿತ್ತು. ಮೂರನೆಯ ದಿನದ ಜಿಯಾರತ್ತಿನ ಪ್ರಾರ್ಥನೆಗೆ ಮತ್ತೆ ಬರುತ್ತಾಳೆ ನಿಜ, ಆದರೆ ಅತ್ತೆ ನಾದಿನಿಯರ ನಡುವೆ. ಹೇಳಬೇಕಾದ ಮಾತು ಗುಲನಾಜಳಿಗೆ ನಾಲ್ಕು ತಿಂಗಳಿಂದ ನುಂಗಲಾರದ, ಉಗುಳಲಾರದ ಬಿಸಿತುಪ್ಪವಾಗಿತ್ತು.

*

ಗುಲನಾಜ ಧಾರವಾಡದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದುದು ಒಂದೇ ಒಂದು ಪ್ರೊಟೀನಿನ ಮೇಲೆ. ಪಿ53 ಎಂಬ ಅದು ಡಿಎನ್‌ಎಯನ್ನು ಹೇಗೆ ಹಿಡಿಯುತ್ತದೆ ಎಂಬುದೇ ಅವಳ ಕೆಲಸ. ತಾಯಿಯದೂ ತನ್ನದೂ ರಕ್ತಪರೀಕ್ಷೆಯ ವರದಿ ಬಂದ ದಿನ, ನನಗೆ ತಿಳಿಯುವ ಹಾಗೆ ಹೇಳು ಎಂದಿದ್ದಳು ಅವ್ವ.

ಗುಲನಾಜ ಅವಳ ಬೆರಳು ಹಿಡಿದೇ ಹೇಳಿದಳು. ಮೈಯ ಪ್ರತಿ ಕೋಶದೊಳಗೂ ಎರಡೆಳೆ ಹೊಸೆದ ಹಗ್ಗದಂಥ ಡಿಎನ್‌ಎ ಇದೆ. ಎಳೆಗಳ ನಡುವೆ ಸಂದು. ಹಗ್ಗಕ್ಕೆ ಪೆಟ್ಟು ಬಿದ್ದಾಗ ಈ ಪ್ರೊಟೀನು ನಾಲ್ಕು ನಾಲ್ಕಾಗಿ ಕೂಡಿಬಂದು, ತಡವಿ, ತನ್ನ ಜಾಗ ಗುರುತಿಸಿ, ಸಂದಿನೊಳಗೆ ಬೆರಳು ಇಳಿಸಿ ಹಿಡಿಯುತ್ತದೆ. ಹಿಡಿದರೆ ಮಾತ್ರ ಕೋಶದ ಬೆಳವಣಿಗೆ ನಿಲ್ಲಿಸುವ ಜೀನುಗಳಿಗೆ ಎಚ್ಚರ. ನಮ್ಮ ಮನೆತನದಲ್ಲಿ ಆ ಬೆರಳಿನ ಒಂದು ಗೆಣ್ಣು ಬದಲಾಗಿದೆ. ತಡವುತ್ತದೆ, ಹಿಡಿಯಲಾರದು. ಬೆಳವಣಿಗೆ ನಿಲ್ಲದ ಕೋಶವೇ ಕ್ಯಾನ್ಸರಿನ ಗಂಟು.

ಸಾವಿರಾರು ಕೈ ಒತ್ತಿ ಅಳತೆ ಹೇಳಿದವಳಿಗೆ ಅದು ತಟ್ಟನೆ ತಿಳಿಯಿತು. ತನ್ನ ತಾಯಿ, ಅಣ್ಣ ಹೋದದ್ದೂ ಇದರಿಂದಲೇ ಇರಬೇಕಲ್ಲ ಎಂದಳು. ಆಮೇಲೆ ಮಗಳನ್ನು ನೋಡಿದಳು. ಗುಲನಾಜಳ ವರದಿಯಲ್ಲಿ ಆ ದೋಷ ಇರಲಿಲ್ಲ. ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು. ನಿಷತಳ ಪರೀಕ್ಷೆ ಆಗಿರಲಿಲ್ಲ, ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

"ನಾ ಮಣ್ಣಾಗೂತನಕ ಅಕಿಗೆ ಹೇಳಬ್ಯಾಡ," ಎಂದಳು ಅವ್ವ. "ಬೀಗರಿಗೆ ಗೊತ್ತಾದ್ರ ಅಕಿನ್ನ ತಂದು ಇಲ್ಲಿ ಬಿಡ್ತಾರ. ಅದನ್ನ ನಾ ನೋಡಾಂಗಿಲ್ಲ. ಆಣಿ ಮಾಡು."

ಗುಲನಾಜ ಆಣೆ ಮಾಡಿದಳು. ಅಷ್ಟು ಓದಿದವಳು, ಅಷ್ಟು ತಿಳಿದವಳು, ಆಣೆ ಮಾಡಿದಳು.

*

ಮೂರೂವರೆಗೆ ಫೋನು ಬಂತು. "ಮಣ್ಣಾತು ನೋಡವಾ," ಎಂದ ಚನ್ನಬಸಯ್ಯ.

ಗುಲನಾಜ ತಂಗಿಯ ರಟ್ಟೆ ಹಿಡಿದು ಒಳಕೋಣೆಗೆ ಎಳೆದೊಯ್ದು ಚಿಲಕ ಹಾಕಿದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು. ವಿಜಾಪುರಕ್ಕೆ ಹೋಗಿ ರಕ್ತ ಕೊಡಬೇಕು, ಇದ್ದರೂ ಬೇಗ ಗೊತ್ತಾದರೆ ದಾರಿಯುಂಟು ಎಂದಳು. ನಿಷತ ಅಳಲಿಲ್ಲ.

"ಯಾವಾಗಿಂದ ಗೊತ್ತೈತಿ ನಿನಗ?"

"ನಾಕ ತಿಂಗಳಾತು."

ನಿಷತ ಅಕ್ಕನ ಕೈ ಹಿಡಿದು ತನ್ನ ಕಂಕುಳ ಕೆಳಗೆ ಇಟ್ಟು ಒತ್ತಿದಳು. ಬೆರಳಿಗೆ ತೊಗರಿಕಾಳಿನಷ್ಟು ಗಟ್ಟಿಯಾದುದೊಂದು ಸಿಕ್ಕಿತು.

"ಇದಕ್ಕ ಮೂರ ತಿಂಗಳಾತು, ಅಕ್ಕಾ. ಅವ್ವಗ ಗೊತ್ತಾದ್ರ ಇನ್ನೂ ಮರಗತಾಳ ಅಂತ ಯಾರಿಗೂ ಹೇಳಿಲ್ಲ."

ಗುಲನಾಜಳ ಬೆರಳು ಅಲ್ಲಿಂದ ಏಳಲಿಲ್ಲ. ಎಲ್ಲ ಗಂಟೂ ಅದೇ ಆಗಬೇಕಿಲ್ಲ ಎಂಬ ಮಾತು ಅವಳಿಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ನಿಷತಳೇ ಸೆರಗು ಸರಿಮಾಡಿಕೊಂಡು ವಿಜಾಪುರದ ಬಸ್ಸು ಎಷ್ಟಕ್ಕೆಂದು ಕೇಳಿದಳು. ನಾಲ್ಕಕ್ಕೆ ಇತ್ತು.

ಮಣ್ಣು ಕೊಟ್ಟವರು ಇನ್ನೂ ಮನೆ ಮುಟ್ಟಿಲ್ಲ, ಮಕ್ಕಳೇ ಹೊಸ್ತಿಲು ದಾಟಿದರೆ ಹೇಗೆ ಎಂದು ಇಂದುಬಾಯಿ ಅಡ್ಡ ಬಂದಳು. ಇಬ್ಬರೂ ನಿಲ್ಲಲಿಲ್ಲ.

ಓಣಿಯ ತಿರುವಿನಲ್ಲಿ ಗಂಡಸರು ಎದುರಾದರು, ಮುಂದೆ ಅಪ್ಪ ನಬಿಸಾಬ, ಅವನ ಹಿಂದೆ ತೌಸಿಫ. ಎಲ್ಲಿಗೆಂದು ತೌಸಿಫ ಕೇಳಿದ.

"ದವಾಖಾನಿಗೆ," ಎಂದಳು ನಿಷತ, ಎಲ್ಲರಿಗೂ ಕೇಳುವಂತೆ. "ನನಗೂ ಗಂಟ ಆಗೇತಿ."

ನಲವತ್ತು ಜನ ಗೋಡೆಗೆ ಸರಿದು ದಾರಿ ಬಿಟ್ಟರು. ತೌಸಿಫ ನಡುದಾರಿಯಲ್ಲೇ ನಿಂತ. ನಬಿಸಾಬ ಮಣ್ಣು ಮೆತ್ತಿದ ಕೈಯಲ್ಲೇ ಮಗಳ ಚೀಲ ಇಸಿದುಕೊಂಡು, ಅಳಿಯನನ್ನು ಬಳಸಿ, ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.