ಒಂದೇ ಕೋವಿಗೆ ಒಗ್ಗಿದ ಹಿತ್ತಾಳೆ

ನಾನು ತೋಟಾದ ಹಿತ್ತಾಳೆ ಕೊಳವೆ. ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು ಇಟ್ಟುಕೊಂಡು ಕೋವಿಯೊಳಗೆ ಹೋಗುವುದು ನನ್ನ ಕೆಲಸ. ಕೋವಿಯ ಕುದುರೆ ಎಳೆದರೆ ಗುಂಡು ಹಾರಿಹೋಗಿ ಹೆಸರು ಮಾಡುತ್ತದೆ. ನಾನು ಮಸಿ ಬಳಿದುಕೊಂಡು ನೆಲಕ್ಕೆ ಬೀಳುತ್ತೇನೆ.

ಯಾವುದೋ ಕಾರ್ಖಾನೆಯಲ್ಲಿ ಬಿಲ್ಲೆಯಾಗಿದ್ದ ನನ್ನನ್ನು ಒತ್ತಿ, ಎಳೆದು, ಉದ್ದ ಮಾಡಿದರು. ಅಲ್ಲಿಂದ ವಿರಾಜಪೇಟೆಯ ಉತ್ತಯ್ಯನವರ ಮನೆಗೆ ಬಂದೆ. ಅವರು ಒಂದು ಕಾಲಕ್ಕೆ ಚೆನ್ನಾಗಿ ಗುರಿ ಹೊಡೆಯುವವರು. ಆಮೇಲೆ ಕೈ ನಡುಗುವ ಕಾಯಿಲೆ ಬಂತು. ಕೋವಿ ಮಗಳು ಬೊಳ್ಳಮ್ಮನಿಗೆ ಹೋಯಿತು, ಅವಳಿಗೆ ತೋಟಾ ತಯಾರಿಸುವುದು ಇವರ ಪಾಲಿಗೆ ಉಳಿಯಿತು.

ಪ್ರತಿ ಸಲ ಸಿಡಿದಾಗಲೂ ನನ್ನ ಮೈ ಉಬ್ಬಿ ಆ ಕೋವಿಯಲ್ಲಿ ತೋಟಾ ಕೂರುವ ಗೂಡಿನ ಅಳತೆಗೇ ಹೊಂದಿಕೊಳ್ಳುತ್ತಿತ್ತು. ಉತ್ತಯ್ಯ ನನ್ನನ್ನು ತೊಳೆದು, ಕೇಪಿನ ಮಸಿ ಕೆರೆದು, ಬಾಯಿಯ ಅಂಚು ಸವರಿ, ಗುಂಡು ಹಿಡಿಯುವಷ್ಟು ಕೊರಳನ್ನು ಮಾತ್ರ ಬಿಗಿಯುತ್ತಿದ್ದರು. ಮೈಯನ್ನು ಮುಟ್ಟುತ್ತಿರಲಿಲ್ಲ. "ಹೊಲಿಸಿದ ಅಂಗಿ ಇದ್ದ ಹಾಗೆ ಕುಂಞಿ, ಗೂಡಿಗೆ ಸರಿಯಾಗಿ ಕೂತ್ರೆ ಗುಂಡು ಅಲ್ಲಾಡಲ್ಲ" ಎಂದು ಮಗಳಿಗೆ ಹೇಳುತ್ತಿದ್ದರು. ಮದ್ದು ತೂಗುವಾಗ ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಳ್ಳುತ್ತಿದ್ದರು. ಚೆಲ್ಲಿದರೆ ಮತ್ತೆ ಮೊದಲಿನಿಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಆ ಮುದ್ದು ಪಡೆದ ಹೆಗ್ಗಣ ನಾನು. ಸುಳ್ಳೇಕೆ, ನನಗೂ ಜಂಬವಿತ್ತು.

ಜೂನಿಯರ್ ಶೂಟಿಂಗ್ ತಂಡಕ್ಕೆ ಸೇರಲು ಬೊಳ್ಳಮ್ಮನಿಗೆ ಅದೇ ಕೊನೆಯ ವರ್ಷ. ಅಷ್ಟರಲ್ಲಿ ಕೋವಿಯ ನಳಿಗೆ ಸವೆದು ಹೊಸದನ್ನು ಹಾಕಿಸಬೇಕಾಯಿತು. ರಿಪೇರಿಯವನು ತನ್ನದೇ ತೋಟಾದಿಂದ ಗುರಿ ಪರೀಕ್ಷಿಸಿ, ಆಯ್ಕೆಗೆ ಹೊರಡುವ ಹಿಂದಿನ ದಿನ ಕೋವಿ ಕೊಟ್ಟ.

"ಅಪ್ಪ, ನಮ್ಮದೊಂದು ಹಾಕಿ ನೋಡೋಣ್ವಾ?" ಎಂದಳು ಬೊಳ್ಳಮ್ಮ.

"ನಾನು ಮಾಡಿದ ತೋಟಾ ಯಾವತ್ತಾದ್ರೂ ಕೈ ಕೊಟ್ಟಿದ್ಯಾ?"

ಅವಳು ಕೋವಿಯನ್ನು ಚೀಲಕ್ಕೆ ಹಾಕಿದಳು. ನಳಿಗೆಯ ಜೊತೆಗೆ ಗೂಡೂ ಹೊಸದು, ಹಳೆಯದರ ಅಳತೆಗೆ ಉಬ್ಬಿದ ನಾವು ಅದರಲ್ಲಿ ಕೂರದಿರಬಹುದು ಎನ್ನುವುದು ಉತ್ತಯ್ಯನವರಿಗೆ ತಿಳಿಯದ್ದೇನಲ್ಲ. ಊರಿಗೆಲ್ಲ ಹೇಳಿಕೊಟ್ಟವರು ಅವರೇ. ಆದರೆ ಗುರಿ ಹಿಡಿಯುವ ಕೈ ಹೋದವರಿಗೆ ಉಳಿದ ಹೆಮ್ಮೆ ಇದೊಂದೇ, ಅದನ್ನು ಪರೀಕ್ಷೆಗೆ ಒಡ್ಡಲು ಮನಸ್ಸಾಗಲಿಲ್ಲ.

ಆಯ್ಕೆಯ ದಿನ ಬೊಳ್ಳಮ್ಮ ಮೊಣಕೈ ಊರಿ ಬೋರಲು ಮಲಗಿದಳು. ಮೊದಲು ಹೋದದ್ದು ನಾನು. ಹೊಸ ಗೂಡು ಕೂದಲೆಳೆಯಷ್ಟು ಬಿಗಿ. ಗೂಡಿನ ಹಿಂಬದಿ ಮುಚ್ಚುವ ಬೋಲ್ಟ್ ಮುಚ್ಚಲಿಲ್ಲ. ಅವಳು ಅಂಗೈಯಿಂದ ಒತ್ತಿದಳು, ಆಗಲಿಲ್ಲ. ಇನ್ನೊಂದು ಹಾಕಿದಳು, ಅದೂ ಆಗಲಿಲ್ಲ. ಎಲ್ಲವೂ ಒಂದೇ ಕೈಯಲ್ಲಿ ತಯಾರಾದವು. ಅಕ್ಕಪಕ್ಕದವರ ತೋಟಾಗಳು ಬೇರೆ ಅಳತೆಯವು. ಅವಳು ಒಂದು ಗುಂಡೂ ಹಾರಿಸುವ ಮೊದಲೇ ಸಮಯ ಮುಗಿಯಿತು.

ಹಿಂದಿನ ಕುರ್ಚಿಯಲ್ಲಿದ್ದ ಉತ್ತಯ್ಯನವರ ಹತ್ತಿರ ಬಂದು, "ನಡಿ ಅಪ್ಪ, ಮನೆಗೆ ಹೋಗೋಣ" ಎಂದಳು. ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಅವಳು ಬೈಯಲಿಲ್ಲ.

ಮರುವರ್ಷ ಅವಳು ಕೋವಿ ಮಾರಿದಳು. ಸವೆದ ಹಳೆಯ ನಳಿಗೆ ಗುಜರಿಗೆ ಹೋಯಿತು. ಲೋಕದಲ್ಲಿ ನಾನು ಸರಿಯಾಗಿ ಕೂರುತ್ತಿದ್ದ ಜಾಗ ಅದೊಂದೇ. ಈಗ ಮದ್ದು, ಗುಂಡು ಕಳಚಿಸಿಕೊಂಡು ಜಗಲಿಯ ಮೂಲೆಯ ಮರದ ಪೆಟ್ಟಿಗೆಯಲ್ಲಿದ್ದೇನೆ. ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ ಉತ್ತಯ್ಯ ನಮ್ಮನ್ನು ಒಬ್ಬೊಬ್ಬರನ್ನೇ ತೆಗೆದು ಒರೆಸುತ್ತಾರೆ. ಕೈ ನಡುಗಿ ಕೆಲವೊಮ್ಮೆ ಉರುಳಿ ಬೀಳುತ್ತೇವೆ.

ಒಮ್ಮೆ ಬೊಳ್ಳಮ್ಮ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಡಲು ಎತ್ತಿಕೊಂಡಳು.

"ಬಿಡು ಕುಂಞಿ, ಅದಿನ್ನೂ ಚೆನ್ನಾಗಿದೆ."

"ಯಾವ ಕೋವಿಗೆ, ಅಪ್ಪ?"

ಉತ್ತಯ್ಯ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. ಅವಳು ಪೆಟ್ಟಿಗೆಯನ್ನು ಅವರ ಮಡಿಲಿನಲ್ಲಿಟ್ಟು ಒಳಗೆ ಹೋದಳು.