ದೊಡ್ಡಮ್ಮನ ಕೈಯೂಟ

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಯಾರಾದರೂ ತೇಗಿದರೆ ಉಳಿದವರ ಕೈ ತಟ್ಟೆಯಲ್ಲೇ ನಿಂತುಬಿಡುತ್ತದೆ. ಸತ್ತವರು ಬಂದು ಪಕ್ಕದಲ್ಲಿ ಕೂತ ಹಾಗೆ. ದೊಡ್ಡಪ್ಪ ಗೋಪಾಲಪ್ಪನಿಗೆ ಹೊಟ್ಟೆಯ ಕಾಯಿಲೆ ಶುರುವಾಗಿದ್ದು ತೇಗಿನಿಂದಲೇ. ನಮ್ಮೂರ ಪಕ್ಕದ ಏರ್‌ಪೋರ್ಟಿಗೆ ಮೊದಲ ವಿಮಾನ ಬಂದ ವರ್ಷ ತೀರಿಕೊಂಡ ನನ್ನ ಅಪ್ಪ ದೇವೇಂದ್ರನಿಗೂ ಅಷ್ಟೆ. ಇಬ್ಬರೂ ನಲವತ್ತು ಕಾಣಲಿಲ್ಲ.

ಕಾರಣ ನಮ್ಮೂರು ಬೂದಿಗೆರೆಗೆಲ್ಲ ಗೊತ್ತಿತ್ತು. ದೊಡ್ಡಪ್ಪನ ಹೆಂಡತಿ ಕದಿರಮ್ಮ ಅನ್ನದಲ್ಲಿ ಮದ್ದು ಇಕ್ಕಿದ್ದಾಳೆ, ಅದು ಹೊಟ್ಟೆಯಲ್ಲಿ ಕೂತು ತಿನ್ನುತ್ತಿದೆ. ದೊಡ್ಡಪ್ಪ ಹೋದಮೇಲೆ ಅವಳಿಗೆ ಹಿತ್ತಲ ಕೋಣೆ, ಬೇರೆ ಒಲೆ. ಅವಳ ಉಪ್ಸಾರಿನ ರುಚಿ ಬಿಡಲಾರದೆ ಅಪ್ಪ ಕದ್ದುಹೋಗಿ ಉಂಡು ಬರುತ್ತಿದ್ದರು. ಅವರೂ ಮಲಗಿದರು. ಇನ್ನೇನು ಸಾಕ್ಷಿ ಬೇಕು? ಮದ್ದು ಕಕ್ಕಿಸುವವರ ಮನೆಗೆ ಮೂರು ತಿಂಗಳು ಅಲೆದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕೈಮೀರಿತ್ತು. ಆಮೇಲೆ ಅವಳು ಕೊಟ್ಟ ನೀರನ್ನೂ ಯಾರೂ ಮುಟ್ಟಲಿಲ್ಲ. ಹಬ್ಬಕ್ಕೆ ಅವಳು ಕೊಟ್ಟ ಒಬ್ಬಟ್ಟನ್ನು ನಗುನಗುತ್ತಾ ಇಸಕೊಂಡು ತಿಪ್ಪೆಗೆ ಎಸೆದು ಬಂದವಳು ನಾನು.

ಈಗ ನನಗೆ ಇಪ್ಪತ್ತೊಂಬತ್ತು. ಅಪ್ಪನ ಹಳೇ ರಿಪೋರ್ಟು ನೋಡಿದ ಡಾಕ್ಟರು ನನ್ನ ರಕ್ತ ಪರೀಕ್ಷೆ ಮಾಡಿಸಿದರು. ಒಂದು ಹಾಳೆಯಲ್ಲಿ ನಮ್ಮ ವಂಶ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಹೊಟ್ಟೆಯ ಕಾಯಿಲೆಯಿಂದ ಹೋದವರಿಗೆ ಕಪ್ಪು ಮಸಿ. ತಾತ ಹಾವು ಕಚ್ಚಿ ಹೋದವರು. ಅವರಿಗೂ ಹಿಂದೆ ಹೊಟ್ಟೆಯಿಂದ ಹೋದವರು ಯಾರಾದರೂ ಇದ್ದರಾ ಎಂದು ಕೇಳಿದರು.

ಜೊತೆಗೆ ಬಂದಿದ್ದ ಅಮ್ಮ ನೆಲ ನೋಡುತ್ತಾ ಹೇಳಿದಳು: "ನಮ್ಮ ಮಾವನ ತಾಯಿ, ಅಮ್ಮಯಮ್ಮ. ಗಂಟಲಲ್ಲಿ ನೀರೂ ಇಳೀತಿರಲಿಲ್ವಂತೆ. ಕದಿರಮ್ಮ ಹುಟ್ಟೋಕೂ ಮುಂಚೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ?"

"ನಮ್ಮ ವಂಶದಲ್ಲೇ ಐತೆ ಅಂದಿದ್ರೆ ನಿನ್ನ ಯಾರು ಮಾಡ್ಕೋತಿದ್ರು ಕಣೇ?"

ವಂಶದಲ್ಲಿ ಇಳಿದುಬಂದ ಜಠರದ ಕ್ಯಾನ್ಸರಿನ ಆ ದೋಷ ನನ್ನ ರಕ್ತದಲ್ಲೂ ಸಿಕ್ಕಿತು. ಹೊಟ್ಟೆಯಲ್ಲಿ ಈಗ ನೋವಿಲ್ಲ. ಆದರೆ ಈ ಜಾತಿಯ ಕ್ಯಾನ್ಸರ್ ಒಳಗೊಳಗೇ ಹರಡುತ್ತದೆ, ಕ್ಯಾಮೆರಾ ಬಿಟ್ಟು ನೋಡಿದರೂ ತಪ್ಪಿಸಿಕೊಳ್ಳಬಹುದು, ಮೊದಲೇ ಇಡೀ ಜಠರ ತೆಗೆದುಬಿಡುವುದು ಕ್ಷೇಮ ಎಂದರು ಡಾಕ್ಟರು. ಆಮೇಲೆ ಬದುಕಿರುವವರೆಗೂ ತುತ್ತು ತುತ್ತೇ ಊಟ. ಒಪ್ಪಿಕೊಂಡೆ. ಸೋಮವಾರ ಆಪರೇಷನ್.

ಮನೆಗೆ ಬಂದವಳೇ ಹಾಳೆ ಹಿಡಿದು ಹಿತ್ತಲಿಗೆ ಹೋದೆ. "ದೊಡ್ಡಮ್ಮ, ಈ ಕಪ್ಪೆಲ್ಲ ನಮ್ಮೋರು. ಇದು ನೀನು, ನೋಡು, ಖಾಲಿ. ಕಾಯಿಲೆ ನಮ್ಮ ರಕ್ತದಲ್ಲೇ ಇತ್ತು."

ಅವಳು ಆ ಖಾಲಿ ಸೊನ್ನೆಯ ಸುತ್ತ ಬೆರಳಾಡಿಸಿದಳು. "ಹಂಗಾದ್ರೆ ನಾನಲ್ವೇನವ್ವಾ? ನಂಗೇ ಅನುಮಾನ ಬಂದ್ಬಿಟ್ಟಿತ್ತು. ಸಾರು ಕದಡುವಾಗೆಲ್ಲ ನನ್ನ ಕೈನೇ ನೋಡ್ಕೋತಿದ್ದೆ."

ನನಗೆ ಅವಳ ಮುಖ ನೋಡಲಾಗಲಿಲ್ಲ. "ಉಣ್ಣೋಕಿಕ್ಕು ದೊಡ್ಡಮ್ಮ," ಅಂದೆ.

"ಬ್ಯಾಡ ಅಕ್ಷತ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಇಕ್ಕು ಅಂದ್ರೆ ಇಕ್ಕು."

ಮುದ್ದೆ ತೊಳಸಿ, ಉಪ್ಸಾರು ಬಿಟ್ಟು ತಟ್ಟೆ ಇಟ್ಟಳು. ನಾನು ಕೈ ಹಾಕುವ ಮುಂಚೆ ತಾನೇ ಒಂದು ತುತ್ತು ಮುರಿದು, ಅದ್ದಿ ನುಂಗಿದಳು. ಬಾಯಿ ತೆರೆದು, ನಾಲಗೆ ಎತ್ತಿ ತೋರಿಸಿದಳು. ಏನೂ ಇಲ್ಲ.

"ನಿಮ್ಮಪ್ಪಂಗೂ ಹಿಂಗೇ ತೋರಿಸಿ ಇಕ್ತಿದ್ದೆ," ಅಂದಳು.

ಅಳುತ್ತಲೇ ಇಡೀ ಮುದ್ದೆ ಉಂಡೆ. ಕೊನೆಯ ತುತ್ತಿಗೆ ಜೋರಾಗಿ ಒಂದು ತೇಗು ಬಂತು. ದೊಡ್ಡಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಏನಿಲ್ಲ ದೊಡ್ಡಮ್ಮ," ಅಂದೆ, "ಹೊಟ್ಟೆ ತುಂಬ್ತು."